ಅಮಾವಾಸ್ಯೆ ಬಿದ್ದ ಭಾನುವಾರ

ಹೋದ ತಿಂಗಳು ನಮ್ಮ ಮನೆಯ ನಾಲ್ಕು ಮಗ್ಗಗಳೂ ಗುಜರಿಗೆ ಹೋದವು. ಕೈಮಗ್ಗ ಅಲ್ಲ, ಕರೆಂಟಿನಲ್ಲಿ ಓಡುವ ಪವರ್‌ಲೂಮು. ಬಿಚ್ಚಿ ಟೆಂಪೋಗೆ ತುಂಬುವುದಕ್ಕೆ ಒಂದು ಬೆಳಿಗ್ಗೆ ಸಾಕಾಯಿತು. ನಮ್ಮ ಯಜಮಾನರು ಹೊರಗೆ ನಿಂತು ನೋಡಿದರು, ಆಮೇಲೆ ಒಳಗೆ ಬಂದು ಕಾಲು ತೊಳೆದುಕೊಂಡು ಮಲಗಿದರು. ನಾನು ಪೊರಕೆ ಹಿಡಿದೆ. ಮನೆಯಲ್ಲಿ ಏನೇ ಹೋದರೂ ಬಂದರೂ ಪೊರಕೆ ಹಿಡಿಯುವವರು ಒಬ್ಬರು ಬೇಕಲ್ಲ.

ಮಗ್ಗದ ಕೋಣೆಯ ಅಟ್ಟದ ಮೇಲೆ ನಮ್ಮತ್ತೆಯ ತಗಡಿನ ಟ್ರಂಕ್ ಇತ್ತು. ಅವರು ತೀರಿಕೊಂಡು ಒಂದೂವರೆ ವರ್ಷವಾಗಿದ್ದರೂ ನಾನು ಅದನ್ನು ತೆಗೆದು ನೋಡಿರಲಿಲ್ಲ. ತೆಗೆದೆ. ಹಳೆ ಸೀರೆ, ಮುರಿದ ಲಾಳಿ, ಯಾವುದೋ ಮದುವೆ ಫೋಟೋ. ತಳದಲ್ಲಿ ಹಳದಿ ಬಟ್ಟೆಯ ತುಂಡಿನಲ್ಲಿ ಸುತ್ತಿದ ಜಾಮ್ ಬಾಟಲಿ. ಒಳಗೆ ಕಪ್ಪು ಕಾಳು, ಮೆಣಸಿಗಿಂತ ಸಣ್ಣವು, ಬಾಯಿ ಬಿಟ್ಟುಕೊಂಡಂಥವು.

ಮುಚ್ಚಳ ತೆಗೆದ ತಕ್ಷಣ ನಿಂಬೆ ಸಿಪ್ಪೆಯ ವಾಸನೆ, ಅದರ ಹಿಂದೆ ಖಾರ. ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಒಂದು ಕಾಳು ಬಾಯಿಗೆ ಹಾಕಿಕೊಂಡೆ. ನಾಲಿಗೆ ಜುಂ ಅಂದಿತು. ಹಲ್ಲುನೋವಿಗೆ ಒಂದು ಕಾಳು ಕಚ್ಚಿಟ್ಟುಕೊಳ್ಳಿ ಅಕ್ಕ, ಅಂತ ಕೊಟ್ಟಿದ್ದರು ನಮ್ಮ ಮೇಲಿನ ರೂಮಿನ ಬಾಡಿಗೆಯವರು. ನೇಪಾಳದ ಬೆಟ್ಟದ ಮೇಲೆ ಬೆಳೆಯುವ ಕಾಳಂತೆ...

ನಾವು ಅವರನ್ನು ಮೇಲ್ಮನೆ ಮಿಸ್ ಅನ್ನುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿಲ್ಲ ಅನ್ನುವುದು ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ.

ನಮ್ಮ ಮೇಲಿನ ರೂಮಿನಲ್ಲಿ ಬಾಡಿಗೆಯವರು ನಿಲ್ಲುತ್ತಿರಲಿಲ್ಲ. ಕೆಳಗೆ ಮಗ್ಗ ಓಡಿದರೆ ಮೇಲೆ ನೆಲ ನಡುಗುತ್ತದೆ. ಶೆಲ್ಫಿನಲ್ಲಿಟ್ಟ ಪಾತ್ರೆಗಳು ತಾವೇ ಅಂಚಿಗೆ ನಡೆದುಕೊಂಡು ಬರುತ್ತವೆ. ಒಬ್ಬ ಗುಮಾಸ್ತ ಹದಿನೈದನೇ ದಿನಕ್ಕೆ ಕೀ ಕೊಟ್ಟು ಕೈಮುಗಿದು ಹೋದ. ಅಂಥ ರೂಮನ್ನು ನೋಡಲು ಮಿಸ್ ಬಂದದ್ದು ಒಂದು ಜೂನ್‌ನಲ್ಲಿ. ದೇವನಹಳ್ಳಿ ರಸ್ತೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಟೀಚರಾಗಿ ಸೇರಿದ್ದರು. ಶಾಲೆಯ ವ್ಯಾನ್ ನಮ್ಮ ಬೀದಿ ತುದಿಗೆ ಬರುತ್ತಿತ್ತು, ಅದರ ಡ್ರೈವರೇ ಕರೆದುಕೊಂಡು ಬಂದಿದ್ದ. ಸಣ್ಣ ಮೈಕಟ್ಟಿನ ಹೆಂಗಸು, ಮೂವತ್ತೆರಡೋ ಮೂವತ್ತಮೂರೋ ಇರಬೇಕು. ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು, ತಲೆ ಒಂದು ಕಡೆ ವಾಲಿಸಿ, ಆ ಸದ್ದನ್ನು ಸಂಗೀತ ಕೇಳುವ ಹಾಗೆ ಕೇಳಿದರು.

ಹಿಂದಿಯಲ್ಲಿ ಕಿವಿಯ ಹತ್ತಿರ ಬಂದು ಕೂಗಿ ಕೇಳಿದ್ದು ಇಷ್ಟೇ, "ಇದು ಭಾನುವಾರವೂ ಓಡುತ್ತಾ?"

ಇದೂ ಹೋಯಿತು ಅಂದುಕೊಂಡೇ ನಿಜ ಹೇಳಿದೆ. ಭಾನುವಾರವೂ ಓಡುತ್ತದೆ, ನಮಗೆ ರಜ ಅಂದರೆ ಅಮಾವಾಸ್ಯೆ ಮಾತ್ರ. ಅವರ ಮುಖ ಅರಳಿತು. ಈ ಮನೆಯೇ ಸಾಕು ಅಂದರು. ತಲೆ ಸರಿ ಇಲ್ಲವೇನೋ ಅಂತ ನನಗೆ ಅನ್ನಿಸಿದ್ದು ಸುಳ್ಳಲ್ಲ.

ನಮ್ಮತ್ತೆಯ ಇಂಟರ್‌ವ್ಯೂ ಬಾಕಿ ಇತ್ತು. ನಲವತ್ತು ವರ್ಷ ಮಗ್ಗದ ಪಕ್ಕ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತಿದ ಹೆಂಗಸು, ಕಿವಿ ಮುಕ್ಕಾಲು ಹೋಗಿತ್ತು. ಅವರಿಗೆ ಬೇಕಾದ್ದು ಒಂದೇ ಉತ್ತರ.

"ಯಾವೂರವ್ವಾ ನಿಂದು?"

ನೇಪಾಳ ಅಂತ ನಾನೇ ಕೂಗಿ ಹೇಳಿದೆ.

"ಹಂಗಾದ್ರೆ ಪಶುಪತಿನಾಥನ ಊರೋಳು ಅನ್ನು."

ಮಿಸ್‌ಗೆ ಪಶುಪತಿನಾಥ ಅನ್ನುವುದಷ್ಟೇ ಅರ್ಥವಾಯಿತು. ಅಲ್ಲಿಂದ ನಮ್ಮೂರು ಬಸ್ಸಲ್ಲಿ ಒಂದು ದಿನ, ಅಂದರು. ಅತ್ತೆ ಕೂತಲ್ಲೇ ಕೈಮುಗಿದರು, ನನಗೆ ಕೀ ತರಲು ಸನ್ನೆ ಮಾಡಿದರು. ಯಾರೂ ಬೇರೇನೂ ಕೇಳಲಿಲ್ಲ. ಮಿಸ್ ಯಾವ ಸುಳ್ಳನ್ನೂ ಹೇಳಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಬೀದಿಯವರೆಲ್ಲ ಅವರು ಸುಳ್ಳು ಹೇಳಿ ಸೇರಿಕೊಂಡರು ಅಂದರು.

ಮಗ್ಗದ ಮನೆಗಳಲ್ಲಿ ಮಾತು ಕಡಿಮೆ, ಸನ್ನೆ ಜಾಸ್ತಿ. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡು ಎಷ್ಟು ಅಂತ ಕೂಗುವುದು? ಎರಡು ಬೆರಳು ಬಾಯಿಯ ಹತ್ತಿರ ತಂದರೆ ಟೀ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಏನನ್ನೋ ಎಳೆದು ಬಿಟ್ಟಂತೆ ಮಾಡಿದರೆ ದಾರ ಹರಿದಿದೆ. ಬೆರಳು ಕೂಡಿಸಿ ಬಾಯಿಗೆ ತಂದು ಹುಬ್ಬು ಹಾರಿಸಿದರೆ ಊಟ ಆಯ್ತಾ. ಮುಷ್ಟಿ ಬಿಗಿ ಮಾಡಿ ತೋರಿಸಿದರೆ ಮಗ್ಗ ಬಂದ್. ಮಿಸ್‌ಗೆ ಕನ್ನಡ ಬರುವ ಮೊದಲೇ ಈ ಸನ್ನೆಗಳು ಬಂದವು. ಅತ್ತೆಯೇ ಗುರು. ಸಂಜೆ ವ್ಯಾನಿನಿಂದಿಳಿದು ಬಂದವರೇ ಮಗ್ಗದ ಕೋಣೆಯ ಕಿಟಕಿಯಲ್ಲಿ ನಿಂತು ಅತ್ತೆಗೆ ಹುಬ್ಬು ಹಾರಿಸುತ್ತಿದ್ದರು, ಊಟ ಆಯ್ತಾ ಅಂತ. ಅತ್ತೆ ಕೈ ಆಡಿಸಿ, ಆಯ್ತು, ನಿಂದು? ಅನ್ನುತ್ತಿದ್ದರು.

ಶಾಲೆಯಲ್ಲೂ ಅದನ್ನೇ ಶುರು ಮಾಡಿದರಂತೆ. ಒಂದನೇ ಕ್ಲಾಸಿನ ಮಕ್ಕಳು ಗಲಾಟೆ ಮಾಡಿದರೆ ಇವರು ಕೂಗುವುದಿಲ್ಲ, ಮುಷ್ಟಿ ಎತ್ತಿ ಹಿಡಿಯುತ್ತಾರೆ. ನೇಕಾರರ ಮನೆಯ ಮಕ್ಕಳು ತಕ್ಷಣ ಸುಮ್ಮನಾಗುತ್ತವೆ, ಉಳಿದವು ಅವನ್ನು ನೋಡಿ ಸುಮ್ಮನಾಗುತ್ತವೆ. "ನಿಮ್ಮ ಮಗ್ಗ ನನಗೆ ಕೆಲಸ ಉಳಿಸ್ತು ಅಕ್ಕ," ಅಂತ ನಗುತ್ತಿದ್ದರು.

ಮೂರ್ನಾಲ್ಕು ತಿಂಗಳಾಗಿರಬೇಕು. ಒಂದು ಭಾನುವಾರ ಮಹಡಿ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತರಲು ಹೋದೆ. ಕೆಳಗೆ ಮಗ್ಗ ಓಡುತ್ತಿತ್ತು. ಮಿಸ್ ರೂಮಿನ ಬಾಗಿಲು ಅರೆ ತೆರೆದಿತ್ತು. ಒಳಗೆ ಮೂರು ಜನ ಚಾಪೆಯ ಮೇಲೆ ಕೂತು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಹಾಡುತ್ತಿದ್ದರು. ಬಾಯಿ ಆಡುವುದು ಕಾಣಿಸುತ್ತಿತ್ತು, ಹಾಡು ಕೇಳಿಸುತ್ತಿರಲಿಲ್ಲ. ಬಾಗಿಲ ಹತ್ತಿರ ಹೋದ ಮೇಲೆ ಒಂದು ಎಳೆ ಕಿವಿಗೆ ಬಿತ್ತು. ಚಾಪೆಯ ಮೇಲೆ ಒಂದು ಪುಸ್ತಕ, ಅದರ ಮೇಲೆ ಶಿಲುಬೆ.

ಇನ್ನಿಬ್ಬರು ಗಂಡ ಹೆಂಡತಿ, ಅವರ ಕಡೆಯವರೇ, ಸೋಂಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನನ್ನನ್ನು ನೋಡಿ ಆ ಹೆಂಡತಿ ಪುಸ್ತಕದ ಮೇಲೆ ಸೆರಗು ಹಾಕಿದಳು. ಮಿಸ್ ಮಾತ್ರ ಎದ್ದು ಬಂದು, ಮೆಣಸಿನಕಾಯಿ ಎತ್ತಲು ಕೈಜೋಡಿಸಿದರು.

ಸಂಜೆ ಮಾತಾಡಿದೆವು. ನಾನು ನೇರವಾಗಿಯೇ ಕೇಳಿದೆ, ಯಾವಾಗ ಸೇರಿದಿರಿ, ಯಾರು ಸೇರಿಸಿದರು ಅಂತ. ಅವರಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಅಮ್ಮನ ಕಾಲದಿಂದ ಹೀಗೇ ಅಂದರು. ನೀವು ಮಗ್ಗದ ಮನೆಯಲ್ಲಿ ಹುಟ್ಟಿದ ಹಾಗೆ ನಾನು ಅಲ್ಲಿ ಹುಟ್ಟಿದೆ, ಅಷ್ಟೇ ಅಂದರು. ಊರಲ್ಲಿರುವ ಚರ್ಚಿಗೆ ಹೋಗಬಾರದಾ ಅಂದೆ. ಎರಡು ಸಲ ಹೋಗಿದ್ದರಂತೆ, ಕನ್ನಡ ತಮಿಳು ಎರಡೂ ತಲೆಗೆ ಹತ್ತಲಿಲ್ಲವಂತೆ. ಅದೂ ಅಲ್ಲದೆ, ಪೇರೆಂಟ್ಸ್ ಕಣ್ಣಿಗೆ ಬೀಳುವ ಹಾಗೆ ಏನೂ ಮಾಡಬೇಡಿ ಅಂತ ಶಾಲೆಯವರು ಸೇರುವಾಗಲೇ ಹೇಳಿದ್ದರಂತೆ.

"ನಮ್ಮೂರಲ್ಲೂ ಮೆಲ್ಲಗೇ ಹಾಡ್ತಿದ್ವಿ ಅಕ್ಕ. ಇಲ್ಲೂ ಮೆಲ್ಲಗೆ. ಸಾಕಾಗಿದೆ. ಈ ಮನೇಲಿ ಮಾತ್ರ ಜೋರಾಗಿ ಹಾಡಬಹುದು. ನಿಮ್ಮ ಮಗ್ಗ ಇದೆ."

ಆಗ ನನಗೆ ಅವರು ಮೊದಲ ದಿನ ಕೇಳಿದ ಪ್ರಶ್ನೆ ನೆನಪಾಯಿತು.

ನಾನೇನು ದೊಡ್ಡ ಮನಸ್ಸಿನವಳಲ್ಲ. ಇದೆಲ್ಲ ಯಾಕೆ ಬೇಕಿತ್ತು ನಮ್ಮ ಮನೆಗೆ ಅಂತಲೇ ಮೊದಲು ಅನ್ನಿಸಿತು. ಆದರೆ ಮೂರು ಜನ ತಮ್ಮ ಭಾಷೆಯಲ್ಲಿ ಒಂದು ಗಂಟೆ ಹಾಡಿಕೊಂಡು, ಸಾರು ಅನ್ನ ಉಂಡು ಹೋಗುತ್ತಾರೆ. ನಾಲ್ಕನೆಯವರನ್ನು ಕರೆದದ್ದು ನಾನು ನೋಡಲಿಲ್ಲ. ನನ್ನನ್ನೂ ಕರೆಯಲಿಲ್ಲ. ಬೇರೆ ಬಾಡಿಗೆಯವರನ್ನು ಹುಡುಕುವ ಶಕ್ತಿಯೂ ನನಗಿರಲಿಲ್ಲ. ಹಾಡಿಕೊಳ್ಳಿ, ಮಗ್ಗ ಓಡುವಾಗ ಮಾತ್ರ ಅಂದೆ. ಅಮಾವಾಸ್ಯೆ ಭಾನುವಾರ ಬಿದ್ದರೆ ಆ ವಾರ ಬೇಡ, ಹಿಂದಿನ ದಿನವೇ ನಾನು ಹೇಳುತ್ತೇನೆ, ನೀವು ಸೋಂಪುರದವರಿಗೆ ಬರಬೇಡಿ ಅಂತ ಫೋನ್ ಮಾಡಿ. ಮಿಸ್ ಮುಷ್ಟಿ ಹಿಡಿದು ತೋರಿಸಿ, ಹೀಗೆ ಹೇಳಿದರೆ ಸಾಕು ಅಂದರು.

ನಮ್ಮ ಯಜಮಾನರಿಗೆ ನಾನು ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ.

ಒಂದೂವರೆ ವರ್ಷ ಇದು ನಡೆಯಿತು. ನಡುವೆ ಕರೆಂಟು ಹೋಗಿ ಮಗ್ಗ ಗಕ್ಕನೆ ನಿಂತರೆ ಮೇಲಿನ ಹಾಡೂ ಗಕ್ಕನೆ ನಿಲ್ಲುತ್ತಿತ್ತು. ಎಲ್ಲಕ್ಕೂ ಒಂದೇ ಸ್ವಿಚ್ಚು ಇದ್ದ ಹಾಗೆ. ಕರೆಂಟು ಬಂದರೆ ಬಿಟ್ಟ ಸಾಲಿನಿಂದ ಶುರು. ಕೆಳಗೆ ಕಂಡಿಕೆ ಸುತ್ತುತ್ತಾ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅತ್ತೆ ನನ್ನ ಕಡೆ ನೋಡಿ, ಏನೇ ಒಬ್ಳೇ ನಗ್ತೀಯ, ಅನ್ನುತ್ತಿದ್ದರು.

ಮಿಸ್‌ಗೆ ಒಬ್ಬಳು ಮಗಳಿದ್ದಳು, ಆರು ವರ್ಷ. ಗಂಡನ ವಿಷಯ ಒಂದು ಸಲ ಕೇಳಿದಾಗ ತಲೆ ಅಲ್ಲಾಡಿಸಿದ್ದರು. ತೀರಿಕೊಂಡರೋ ಬಿಟ್ಟುಹೋದರೋ... ನಾನು ಮತ್ತೆ ಕೇಳಲಿಲ್ಲ. ಮಗಳು ಅಜ್ಜಿಯ ಹತ್ತಿರ ಬೆಟ್ಟದ ಹಳ್ಳಿಯಲ್ಲಿ. ಇವರು ಇಲ್ಲಿ ಕಂಡವರ ಮಕ್ಕಳಿಗೆ ಮೂಗು ಒರೆಸಿ ಎ ಬಿ ಸಿ ಡಿ ಹೇಳಿಕೊಟ್ಟು ಬಂದು, ಸಂಜೆ ತಮ್ಮ ಮಗಳಿಗೆ ಫೋನಿನಲ್ಲಿ ಕಥೆ ಹೇಳುತ್ತಿದ್ದರು. ಮಗ್ಗದ ಸದ್ದಿಗೆ ಆ ಮಗು ಹೆದರಿ ಫೋನ್ ಇಟ್ಟುಬಿಡುತ್ತಿತ್ತಂತೆ ಮೊದಲು. ಆಮೇಲೆ ಅದಕ್ಕೂ ಸನ್ನೆ ಕಲಿಸಿದರು. ವಿಡಿಯೋದಲ್ಲಿ ಆ ಮಗು ಹುಬ್ಬು ಹಾರಿಸಿ ನಮ್ಮತ್ತೆಗೆ ಊಟ ಆಯ್ತಾ ಅಂತ ಕೇಳಿದ ದಿನ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು.

ಬರುವ ಜೂನ್‌ಗೆ ಮಗಳನ್ನು ಕರೆತಂದು ತಮ್ಮ ಶಾಲೆಗೇ ಸೇರಿಸಬೇಕು, ಇದೊಂದೇ ಮಿಸ್‌ಗೆ ಇದ್ದ ಆಸೆ. ಶಾಲೆಯವರು ಸೀಟು ಕೊಡುತ್ತೇವೆ ಅಂದಿದ್ದರು. ರೂಮಿನ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಪುಟ್ಟ ಟೇಬಲ್ ಬಂತು, ಸಂತೆಯಿಂದ ನಮ್ಮ ಯಜಮಾನರೇ ಹೊತ್ತು ತಂದರು. ಅತ್ತೆ ಮಗ್ಗದಿಂದ ಇಳಿದ ಹಳದಿ ಬಟ್ಟೆಯಲ್ಲಿ ಒಂದು ತುಂಡು ಕತ್ತರಿಸಿ ಇಟ್ಟರು, ಲಂಗಕ್ಕೆ. ಅಳತೆ ಬೇಡವಾ ಅಂದರೆ, ಏಳು ವರ್ಷದ ಹುಡುಗಿ ಎಷ್ಟುದ್ದ ಇರ್ತಾಳೆ ಅಂತ ನಂಗೊತ್ತಿಲ್ವಾ, ಅಂತ ನನ್ನ ಮೇಲೇ ರೇಗಿದರು.

ಶಿವರಾತ್ರಿ ಆ ವರ್ಷ ಶನಿವಾರ ಬಂತು. ಉಪವಾಸ, ಪೂಜೆ, ಜಾಗರಣೆ. ನಾನು ಒಬ್ಬಳೇ ಹೆಣ್ಣಾಳು ಮನೆಯಲ್ಲಿ, ಅತ್ತೆ ಕೂತು ಹೇಳುವವರು. ಮಾರನೇ ದಿನ ಭಾನುವಾರ, ಅಮಾವಾಸ್ಯೆ. ಶನಿವಾರ ಮಿಸ್‌ಗೆ ಹೇಳಬೇಕಾಗಿತ್ತು. ಮರೆತೆ.

ಹಿಂದಿನ ದಿನ ಮರೆತದ್ದು ನಿಜ. ಇಷ್ಟು ವರ್ಷ ನಾನು ಅಷ್ಟೇ ಹೇಳಿಕೊಂಡು ಬಂದಿದ್ದೇನೆ, ಮರೆತೆ ಅಂತ. ಆದರೆ ಭಾನುವಾರ ಬೆಳಿಗ್ಗೆ ನಾನು ಮರೆತಿರಲಿಲ್ಲ. ನಡುಮನೆಯಲ್ಲಿ ಚಾಪೆ ಹಾಕಿ ಮಲಗಿದ್ದೆ. ಸೋಂಪುರದ ಗಂಡ ಹೆಂಡತಿ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದ್ದು ಕೇಳಿಸಿತು. ಅಯ್ಯೋ, ಇವತ್ತು ಅಮಾವಾಸ್ಯೆ ಅಂತ ಹೊಳೆಯಿತು. ಎದ್ದು ಹದಿನಾಲ್ಕು ಮೆಟ್ಟಿಲು ಹತ್ತಿ ಒಂದು ಮುಷ್ಟಿ ತೋರಿಸಿದ್ದರೆ ಮುಗಿಯುತ್ತಿತ್ತು. ಎದ್ದೇಳಲಿಲ್ಲ. ಮಗ್ಗ ನಿಂತಿರುವುದು ಅವರಿಗೇ ಕಾಣಿಸುವುದಿಲ್ಲವಾ, ಅವರಿಗೇನು ಬುದ್ಧಿ ಇಲ್ಲವಾ, ಎಲ್ಲವನ್ನೂ ನಾನೇ ಹೇಳಬೇಕಾ ಅಂದುಕೊಂಡು ಮಗ್ಗುಲು ತಿರುಗಿದೆ. ದ್ವೇಷ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಸುಸ್ತಾಗಿತ್ತು, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಮಗ್ಗ ನಿಂತದ್ದು ಮಿಸ್‌ಗೆ ಗೊತ್ತಾಗಿತ್ತು. ಗೊತ್ತಿದ್ದೂ ಹಾಡಿದರು. ಸೋಂಪುರದ ಆ ಹೆಂಡತಿಯ ಅಪ್ಪ ಹಿಂದಿನ ದಿನ ಊರಲ್ಲಿ ತೀರಿಕೊಂಡಿದ್ದರಂತೆ. ಹೋಗಿ ಮುಖ ನೋಡುವುದಕ್ಕೂ ಆಗದೆ ಅವಳು ಅಳುತ್ತಾ ಬಂದಿದ್ದಳು. ಹಾಗೇ ವಾಪಸ್ಸು ಕಳಿಸಲು ಮಿಸ್‌ಗೆ ಮನಸ್ಸಾಗಲಿಲ್ಲ. ಬಾಗಿಲು ಹಾಕಿಕೊಂಡು, ಮೆಲ್ಲಗೆ, ಒಂದೇ ಹಾಡು ಅಂದುಕೊಂಡರು.

ಇಲ್ಲೇ ಎಡವಟ್ಟಾಗಿದ್ದು. ಮಗ್ಗದ ಮನೆಯಲ್ಲಿ ಎರಡು ವರ್ಷ ಇದ್ದವರಿಗೆ ಮೆಲ್ಲಗೆ ಅಂದರೆ ಎಷ್ಟು ಅನ್ನುವ ಲೆಕ್ಕ ತಪ್ಪಿಹೋಗುತ್ತದೆ. ನಾವು ಬೇರೆ ಊರಿನ ಮದುವೆಗೆ ಹೋದರೆ ಗುಟ್ಟು ಹೇಳಿದ್ದು ಊಟದ ಪಂಕ್ತಿಗೆಲ್ಲ ಕೇಳಿಸುತ್ತದೆ. ಯಾಕ್ರೀ ಜಗಳ ಆಡ್ತಿದ್ದೀರಾ ಅಂತ ಜನ ತಿರುಗಿ ನೋಡುತ್ತಾರೆ. ಮಿಸ್ ನಮ್ಮೊಳಗೊಬ್ಬರಾಗಿಬಿಟ್ಟಿದ್ದರು. ಅವರಿಗೂ ಮಗ್ಗದ ಮನೆ ಗಂಟಲು ಬಂದಿತ್ತು. ಅವರ ಮೆಲ್ಲಗೆ ಅನ್ನುವುದು ಆ ದಿನ, ಬೀದಿಯ ಒಂದು ಮಗ್ಗವೂ ಓಡದ ದಿನ, ಜಾಗರಣೆ ಮಾಡಿ ಜಗಲಿ ಮೇಲೆ ತೂಕಡಿಸುತ್ತಿದ್ದ ಇಡೀ ಬೀದಿಗೆ ಪದ ಪದವಾಗಿ ಕೇಳಿಸಿತು. ಹಾಡಿನ ಕೊನೆಯಲ್ಲಿ ಆ ಹೆಂಗಸು ಬಿಕ್ಕಿ ಬಿಕ್ಕಿ ಅತ್ತದ್ದೂ ಕೇಳಿಸಿತು. ಕಲ್ಲು ಕರಗುವಂಥ ಹಾಡು... ಏನು ಹೇಳುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅದು ಕೇಳಿಸದೆ ಇದ್ದದ್ದು ಅತ್ತೆಗೆ ಒಬ್ಬರಿಗೇ.

ಮಧ್ಯಾಹ್ನ ಊಟದ ಹೊತ್ತಿಗೆ ನಾಲ್ಕು ಜನ ಬಂದರು. ಮುಂದೆ ನಿಂತವನು ಹೊರಗಿನವನಲ್ಲ, ನಮ್ಮ ಯಜಮಾನರ ಚಿಕ್ಕಪ್ಪನ ಮಗ. ನನ್ನ ಕೈಯ ಹೋಳಿಗೆ ತಿಂದು ಬೆಳೆದವನು.

"ಅತ್ತಿಗೆ, ಮೇಲೆ ಏನ್ ನಡೀತಿದೆ?"

"ಏನ್ ನಡೀತದಪ್ಪಾ, ಬಾಡಿಗೆಯವ್ರು ಇದ್ದಾರೆ."

"ಬೀದಿಗೆಲ್ಲ ಕೇಳಿಸ್ತು. ನಿಮಗೊಬ್ರಿಗೆ ಕೇಳಿಸ್ಲಿಲ್ವಾ?"

"ಬಿಡ್ಲಾ, ಜಾಗರಣೆ ಮಾಡಿ ಮಲಗಿದ್ರೇನೋ," ಅಂದ ಹಿಂದೆ ನಿಂತವನು. ಇಬ್ಬರು ನಕ್ಕರು.

ನನ್ನ ಮೈದುನ ನಗಲಿಲ್ಲ. ತಣ್ಣಗೇ ಕೇಳಿದ. "ನೋಡಿ ಅತ್ತಿಗೆ, ನಮಗೂ ಇದೇನು ಆಸೆ ಇಲ್ಲ. ಬೀದಿಲಿ ಒಬ್ಬೊಬ್ರು ಒಂದೊಂದು ಮಾತಾಡ್ತಿದ್ದಾರೆ. ಹೆಂಗಸ್ರನ್ನ ಕರ್ಸಿ ಪ್ರಾರ್ಥನೆ ಮಾಡಿಸ್ತಾರೆ, ಅಳಿಸ್ತಾರೆ ಅಂತ. ನೀವು ಇದೇ ಮನೇಲಿರೋರು. ಹಂಗೇನೂ ಇಲ್ಲ ಅಂತ ನೀವೊಂದು ಮಾತು ಹೇಳ್ಬಿಡಿ, ನಾವು ಹೋಗ್ತೀವಿ. ನಿಮಗೆ ಗೊತ್ತಿತ್ತಾ ಇದು?"

ಹೇಳಬೇಕಾದದ್ದು ಎಷ್ಟು ಸಣ್ಣದಾಗಿತ್ತು ನೋಡಿ. ಗೊತ್ತಿತ್ತು ಕಣಪ್ಪಾ, ಮೂರೇ ಜನ, ಅವರ ಭಾಷೆ, ಅವರ ಹಾಡು, ಬೀದಿಯ ಒಂದು ನಾಯಿಯನ್ನೂ ಒಳಗೆ ಕರೆದಿಲ್ಲ, ಆ ಹುಡುಗಿಗೆ ಏನೋ ದುಃಖ, ಅತ್ತಳು. ಇಷ್ಟೇ. ಅವನು ನಂಬುತ್ತಿದ್ದ. ಆದರೆ ಗೊತ್ತಿತ್ತು ಅಂದರೆ ಮುಂದಿನ ಪ್ರಶ್ನೆ, ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಅಂತ. ಪಕ್ಕದಲ್ಲಿ ಯಜಮಾನರು ನಿಂತಿದ್ದರು. ಗೋಡೆಗೆ ಒರಗಿ ಅತ್ತೆ ಕೂತಿದ್ದರು, ಎಲ್ಲರ ತುಟಿ ನೋಡುತ್ತಾ.

"ನಂಗೇನೂ ಗೊತ್ತಿಲ್ಲ ಕಣಪ್ಪಾ," ಅಂದೆ.

ತಲೆ ಎತ್ತಿದರೆ ಮಿಸ್ ಮೆಟ್ಟಿಲ ಮೇಲೆ ನಿಂತಿದ್ದರು, ನೀರಿಗೆ ಖಾಲಿ ಕೊಡ ಹಿಡಿದುಕೊಂಡು. ಅಷ್ಟು ಹೊತ್ತಿಗೆ ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು.

ಯಾರೂ ಕೂಗಾಡಲಿಲ್ಲ. ಅವರನ್ನು ಯಾರೂ ಬೈಯಲೂ ಇಲ್ಲ. ಪರೀಕ್ಷೆ ಮುಗಿದ ಮೇಲೆ ಖಾಲಿ ಮಾಡಿಸ್ತೀನಿ ಅಂತ ನಮ್ಮ ಯಜಮಾನರು ಹೇಳಿದರು, ಆಯ್ತಣ್ಣ ಅಂತ ಅವನು ಒಪ್ಪಿದ. ಟೀ ಕುಡಿದು ಹೋದರು. ನಾನೇ ಮಾಡಿದ ಟೀ.

ಅತ್ತೆಗೆ ವಿಷಯವನ್ನು ಸನ್ನೆಯಲ್ಲಿ ಹೇಳಲು ಬರಲಿಲ್ಲ, ಕಿವಿಗೆ ಕೂಗಿ ಹೇಳಬೇಕಾಯಿತು. ಸಂಜೆ ಮಿಸ್ ಕೆಳಗೆ ಬಂದಾಗ, "ನೀನು ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಗಾ," ಅಂದರು.

"ನೀವು ಪಶುಪತಿನಾಥನ ವಿಷಯ ಕೇಳಿದ್ರಿ ಅಜ್ಜಿ. ನನ್ನ ವಿಷಯ ಕೇಳಲಿಲ್ಲ," ಅಂದರು ಮಿಸ್. ಜಗಳದ ಹಾಗಲ್ಲ, ಪಾಠ ಹೇಳುವ ಹಾಗೆ. ಅತ್ತೆಗೆ ಕೇಳಿಸಿತೋ ಇಲ್ಲವೋ...

ನನ್ನನ್ನೂ ಕೇಳಿದರು, ಅಮಾವಾಸ್ಯೆ ಅಂತ ಯಾಕೆ ಹೇಳಲಿಲ್ಲ ಅಕ್ಕ ಅಂತ. ಮರೆತೆ ಅಂದೆ. "ನಾವು ಮೆಲ್ಲಗೇ ಹಾಡಿದ್ವಿ," ಅಂದರು. ನಿಮಗೆ ಮಗ್ಗದ ಮನೆ ಗಂಟಲು ಬಂದುಬಿಟ್ಟಿದೆ ಮಿಸ್, ನಿಮಗದು ಗೊತ್ತಾಗಿಲ್ಲ ಅಂದೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಗು ನಿಂತ ಮೇಲೂ ಕೈ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ ಮಾತಿನ ಬಗ್ಗೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸುದ್ದಿ ಶಾಲೆಗೆ ಹೋಗಲು ಎರಡು ದಿನ ಸಾಕಾಯಿತು. ಈ ವರ್ಷ ಮುಗಿಸಿ, ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ ಅಂದರಂತೆ. ಮಗಳ ಸೀಟಿನ ಮಾತು ಅಲ್ಲಿಗೇ ನಿಂತಿತು. ಇಲ್ಲೇ ಹತ್ತಿರದ ಮಧುರೆ ಕಡೆ ಒಂದು ಶಾಲೆ ಕೇಳಿದರು, ದೇವನಹಳ್ಳಿ ಆಚೆಯ ವಿಜಯಪುರದಲ್ಲಿ ರೂಮು ನೋಡಿ ಬಂದರು. ಎಲ್ಲ ಕಡೆಯೂ ಮೊದಲು ಎಲ್ಲಿದ್ರಿ, ಯಾಕೆ ಬಿಟ್ರಿ ಅಂತ ಕೇಳುತ್ತಾರಲ್ಲ. ಒಂದು ಭಾನುವಾರ ನಾನು ಕೆಳಗೆ ಕೂತು ಕಿವಿ ಕೊಟ್ಟೆ. ಮಗ್ಗ ಜೋರಾಗಿ ಓಡುತ್ತಿತ್ತು. ಮೇಲಕ್ಕೆ ಹೋಗಿ ಬಾಗಿಲ ಹತ್ತಿರ ನಿಂತೆ. ಮಿಸ್ ಒಬ್ಬರೇ ನೀಲಿ ಟೇಬಲ್ ಮುಂದೆ ಮೊಣಕಾಲೂರಿ ಕೂತಿದ್ದರು. ತುಟಿ ಆಡುತ್ತಿರಲಿಲ್ಲ. ಸೋಂಪುರದವರು ಮತ್ತೆ ಬರಲೇ ಇಲ್ಲ.

ಪರೀಕ್ಷೆ ಮುಗಿದ ವಾರ ಹೊರಟರು. ಒಂದು ಸೂಟ್‌ಕೇಸು, ಒಂದು ಚೀಲ. ಟೇಬಲ್ ಇಲ್ಲೇ ಇರಲಿ, ಬೇರೆ ಮಕ್ಕಳು ಬಂದರೆ ಆಗುತ್ತದೆ ಅಂದರು. ಅತ್ತೆಯ ಕಾಲು ಮುಟ್ಟಿದರು. ಅತ್ತೆ ಅವರ ಕೆನ್ನೆ ಸವರಿದರು, ಆದರೆ ಆ ಹಳದಿ ಬಟ್ಟೆಯನ್ನು ಯಾಕೋ ಕೊಡಲಿಲ್ಲ. ಮಗುವನ್ನು ಕಣ್ಣಾರೆ ನೋಡಿ ಕೊಡಬೇಕು ಅಂತ ಇತ್ತೇನೋ. ಕೋಪ ಇತ್ತೇನೋ. ಕೇಳಲಿಲ್ಲ ನಾನು.

ಆಟೋ ಬಂದಾಗ ಬೀದಿಯ ಮಗ್ಗಗಳೆಲ್ಲ ಓಡುತ್ತಿದ್ದವು. ಮಾತಾಡಿದರೆ ಕೇಳಿಸುವ ಹಾಗಿರಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಏನಾದರೂ ಹೇಳಬೇಕಿತ್ತು. ನಮ್ಮ ಸನ್ನೆಗಳಲ್ಲಿ ಟೀಗೆ ಇದೆ, ನೀರಿಗೆ ಇದೆ, ಹರಿದ ದಾರಕ್ಕೂ ಇದೆ. ತಪ್ಪಾಯಿತು ಅನ್ನುವುದಕ್ಕೆ ಇಲ್ಲ. ಕೈ ಎತ್ತಿದವಳು ಹಾಗೇ ಇಳಿಸಿದೆ.

ಮಿಸ್ ಆಟೋದೊಳಗಿಂದ ಬಗ್ಗಿ ನೋಡಿದರು. ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು ಹುಬ್ಬು ಹಾರಿಸಿದರು. ಊಟ ಆಯ್ತಾ?

ಆಗಿರಲಿಲ್ಲ. ಆಯ್ತು ಅಂತ ಕೈ ಆಡಿಸಿದೆ. ಆಟೋ ತಿರುಗಿತು.

ಅವರ ನಂಬರಿಗೆ ಆಮೇಲೆ ಒಂದೆರಡು ಸಲ ಮೆಸೇಜು ಬರೆದು ಅಳಿಸಿದ್ದೇನೆ. ಕೊನೆಗೊಂದು ದಿನ ಧೈರ್ಯ ಮಾಡಿ ನೋಡಿದರೆ ಆ ನಂಬರಿನಲ್ಲಿ ಯಾವನೋ ಬೈಕ್ ಮೇಲೆ ಕೂತ ಹುಡುಗನ ಫೋಟೋ. ಈಗ ನಮ್ಮ ಯಜಮಾನರೂ ಸೋಂಪುರದ ಕಾರ್ಖಾನೆಯೊಂದಕ್ಕೆ ಹೋಗುತ್ತಾರೆ, ಬೆಳಿಗ್ಗೆ ವ್ಯಾನು ಬರುತ್ತದೆ. ನೇಪಾಳದ ಗಂಡ ಹೆಂಡತಿ ಯಾರಾದರೂ ಇದ್ದಾರಾ ಅಂತ ವಿಚಾರಿಸಲೇಬೇಕು ಅಂತ ಹಠ ಹಿಡಿದೆ. ಇದ್ದರಂತೆ. ಬಿಟ್ಟು ಹೋಗಿ ಬಹಳ ದಿನವಾಯಿತಂತೆ. ಆ ಮಗು ಈಗ ಹೈಸ್ಕೂಲಿಗೆ ಬರುವಷ್ಟಾಗಿರಬೇಕು. ಲಂಗದ ಬಟ್ಟೆ ಅವಳ ಮೊಣಕಾಲಿಗೂ ಬರುವುದಿಲ್ಲ.

ಅತ್ತೆ ಆ ಬಾಟಲಿಯನ್ನು ಆ ಬಟ್ಟೆಯಲ್ಲೇ ಸುತ್ತಿಟ್ಟಿದ್ದು ಯಾವಾಗಲೋ. ನನ್ನ ಅಡುಗೆಮನೆಯ ಶೆಲ್ಫಿನಿಂದ ಕಾಣೆಯಾದಾಗ ಯಾರೋ ಎಸೆದಿರಬೇಕು ಅಂದುಕೊಂಡಿದ್ದೆ. ಹುಡುಕಿರಲೂ ಇಲ್ಲ.

ನಮ್ಮ ಮನೆಯಲ್ಲಿ ಈಗ ದಿನಾ ಅಮಾವಾಸ್ಯೆ. ಬೀದಿಯಲ್ಲೂ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿವೆ. ಮೊನ್ನೆ ಭಾನುವಾರ ಖಾಲಿ ಕೋಣೆಯಲ್ಲಿ, ಮಗ್ಗದ ಕಾಲುಗಳನ್ನು ಕಿತ್ತ ಗುಂಡಿಗಳ ನಡುವೆ, ಬಾಟಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ಇಷ್ಟು ವರ್ಷ ಅದಕ್ಕೆ ಸದ್ದಿದೆ ಅಂತಲೇ ನನಗೆ ತಿಳಿದಿರಲಿಲ್ಲ. ಯಾರೂ ಇರಲಿಲ್ಲವಲ್ಲ, ಆ ದಿನ ಹೇಳಬೇಕಾಗಿದ್ದನ್ನು ಒಂದು ಸಲ ಹೇಳಿ ನೋಡೋಣ ಅನ್ನಿಸಿತು. ಮೆಲ್ಲಗೆ, ನನಗಷ್ಟೇ ಕೇಳಿಸುವ ಹಾಗೆ ಹೇಳಿದೆ.

"ನಂಗೆ ಗೊತ್ತಿತ್ತು ಕಣಪ್ಪಾ."

ಗಂಟಲು ಮಗ್ಗದ ಮನೆಯದ್ದು. ಪಕ್ಕದ ಮನೆಯ ಅಕ್ಕ ಗೋಡೆಯಾಚೆಯಿಂದ ಕೂಗಿದರು. "ಏನೇ ಅದು? ಏನ್ ಗೊತ್ತಿತ್ತು?"

ಬಾಟಲಿಯ ಮುಚ್ಚಳ ಹಾಕಿ ಬಿಗಿ ಮಾಡಿದೆ.

"ಏನೂ ಇಲ್ಲ ಕಣಕ್ಕಾ," ಅಂದೆ.